ಮೂರು ಕೆಜಿ ಮುನ್ನೂರೆಂಬತ್ತು ಗ್ರಾಮಿನ ಕೋವಿ

ಐವತ್ತು ದಾಟಿದ ಮೇಲೆ ಮನುಷ್ಯ ವಸ್ತುಗಳ ಬಣ್ಣ ನೋಡುವುದನ್ನು ಬಿಟ್ಟು ತೂಕ ನೋಡಲು ಶುರು ಮಾಡುತ್ತಾನೆ. ಇದು ಎಲ್ಲರ ಅನುಭವವೋ ನನ್ನೊಬ್ಬನದೋ ಗೊತ್ತಿಲ್ಲ. ಕೊಡೆ ಕೊಳ್ಳಲು ಹೋದರೆ ನಾನೀಗ ಅದನ್ನು ಬಿಚ್ಚಿ ನೋಡುವ ಮೊದಲು ಅಂಗೈ ಮೇಲಿಟ್ಟು ತೂಗುತ್ತೇನೆ. ಚಪ್ಪಲಿಯನ್ನೂ ಹಾಗೆಯೇ. ದೇವರ ದಯೆಯಿಂದ ಲೋಕವೂ ನನ್ನ ವಯಸ್ಸಿಗೆ ತಕ್ಕ ಹಾಗೆ ಹಗುರವಾಗುತ್ತ ಬಂದಿದೆ. ಕಂಚಿನ ಕೊಡ ಹೋಗಿ ಪ್ಲಾಸ್ಟಿಕ್ ಕೊಡ ಬಂತು. ಒರಳುಕಲ್ಲು ಹೋಗಿ ಮಿಕ್ಸಿ ಬಂತು. ನನ್ನ ಅಂಗಡಿಯ ಕೆಂಡದ ಇಸ್ತ್ರಿಪೆಟ್ಟಿಗೆ ಈಗ ಬಾಗಿಲು ಮುಚ್ಚದ ಹಾಗೆ ತಡೆಯುವ ಕಲ್ಲಿನ ಕೆಲಸ ಮಾಡುತ್ತಿದೆ. ಇಷ್ಟೆಲ್ಲ ಹಗುರವಾದರೂ ನಮ್ಮ ಮನೆಯ ಒಂದು ವಸ್ತು ಮಾತ್ರ ಇದ್ದಷ್ಟೇ ಭಾರ ಉಳಿದುಕೊಂಡಿತ್ತು. ಅದು ನನ್ನ ಮಾವನವರ ಜೋಡು ನಳಿಕೆಯ ಕೋವಿ.

ಕೋವಿ ಎಂದ ಕೂಡಲೆ ನನ್ನನ್ನು ಬೇಟೆಗಾರ ಎಂದುಕೊಳ್ಳಬೇಡಿ. ನಾನು ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಬಟ್ಟೆ ಹೊಲಿಯುತ್ತಿರುವ ಟೈಲರ್. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಮೂವತ್ತಾರನೇ ವಯಸ್ಸಿನಲ್ಲಿ ಹಟ ಹಿಡಿದು ಎಸ್ಸೆಸ್ಸೆಲ್ಸಿ ಪಾಸು ಮಾಡಿದವನು. ನಾರ್ವೆ ಎಂಬ ಹಳ್ಳಿಯ ಹತ್ತಿರ ನಮಗೆ ಒಂದೂವರೆ ಎಕರೆ ಜಾಗವಿದೆ. ಬಾಳೆ, ಶುಂಠಿ, ಸ್ವಲ್ಪ ಗದ್ದೆ. ಅಲ್ಲಿಯ ಬೆಳೆಯಲ್ಲಿ ಅರ್ಧ ಮಂಗಗಳದ್ದು, ಕಾಲು ಹಂದಿಗಳದ್ದು, ಉಳಿದದ್ದು ನಮ್ಮದು. ಅದಕ್ಕಾಗಿ ಬೆಳೆ ರಕ್ಷಣೆಯ ಲೈಸೆನ್ಸು. ವಾರಕ್ಕೊಮ್ಮೆ ಹೋಗಿ ಒಂದು ಈಡು ಹಾರಿಸಿ ಬಂದರೆ ಮಂಗಗಳು ಎರಡು ದಿನ ಪಕ್ಕದವರ ತೋಟಕ್ಕೆ ಹೋಗುತ್ತವೆ. ನಾನು ಇದುವರೆಗೆ ಹೊಡೆದ ಈಡೆಲ್ಲ ಆಕಾಶಕ್ಕೇ. ಆಕಾಶ ಯಾವತ್ತೂ ದೂರು ಕೊಟ್ಟಿಲ್ಲ.

ಕೋವಿ ನನಗೆ ಹೇಗೆ ಬಂತು ಎಂದು ಹೇಳಬೇಕು. ನನ್ನ ಹೆಂಡತಿ ಶಾರದ ಶೃಂಗೇರಿ ಹತ್ತಿರದ ಮೆಣಸೆಯವಳು. ಒಬ್ಬಳೇ ಮಗಳು. ಅವಳ ಅಪ್ಪ, ಅಂದರೆ ನನ್ನ ಮಾವ, ಆರಡಿಯ ಮೇಲೆ ಎರಡಿಂಚು ಎತ್ತರದ ಮನುಷ್ಯ. ನಮ್ಮ ಮನೆಗೆ ಬಂದರೆ ಬಾಗಿಲಲ್ಲಿ ತಲೆ ಬಗ್ಗಿಸುತ್ತಿದ್ದರು. ಅದನ್ನು ನಾನು ಅಳಿಯನ ಮೇಲಿನ ಗೌರವ ಎಂದೇ ಬಹಳ ದಿನ ತಿಳಿದುಕೊಂಡಿದ್ದೆ. ಅವರು ತೀರಿಕೊಂಡಾಗ ಜಾಗ ದಾಯಾದಿಗಳ ಪಾಲಿಗೆ ಹೋಯಿತು. ನಮ್ಮ ಪಾಲಿಗೆ ಬಂದದ್ದು ಕೋವಿ ಒಂದೇ. ಉತ್ತರಕ್ರಿಯೆ ಮುಗಿದ ದಿನ ಜಗಲಿಯಲ್ಲಿ ಕೂತ ಹಿರಿಯರು, "ಮಗ ಇಲ್ಲ ಅಂದ್ಮೇಲೆ ಅಳಿಯನೇ ಮಗ. ಕೋವಿ ಅಳಿಯನ ಹೆಸರಿಗೆ ಆಗ್ಲಿ" ಎಂದರು. ನಾನು ವಿನಯದಿಂದ ತಲೆ ಬಗ್ಗಿಸಿದೆ. ಆಫೀಸುಗಳಿಗೆ ಓಡಾಡಿ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿಕೊಂಡೆ. ಶಾರದ ಆ ದಿನ ಒಳಗೆ ಪಾಯಸ ಬಡಿಸುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾನು ಇಪ್ಪತ್ತು ವರ್ಷ ಮರೆತಿದ್ದೆ.

ಲೈಸೆನ್ಸ್ ನನ್ನದಾದರೂ ಕೋವಿಯ ಆರೈಕೆ ಅವಳದ್ದೇ. ಎಣ್ಣೆ ಹಚ್ಚುವುದು, ನಳಿಕೆಯೊಳಗೆ ಬಟ್ಟೆ ಎಳೆಯುವುದು, ಆಯುಧಪೂಜೆಗೆ ಹೂ ಮುಡಿಸುವುದು ಎಲ್ಲ ಅವಳೇ. ಮದುವೆಗೆ ಮುಂಚೆ ಅಪ್ಪನ ಹಿಂದೆ ತೋಟೆಯ, ಅಂದರೆ ಕಾಡತೂಸಿನ, ಚೀಲ ಹೊತ್ತುಕೊಂಡು ಸುತ್ತಿದವಳು. ನಾನು ಕೋವಿ ಎತ್ತಿದಾಗಲೆಲ್ಲ ಅವಳ ಮುಖದಲ್ಲಿ ಒಂದು ನೋವು ಕಾಣಿಸುತ್ತಿತ್ತು. ಬೇರೆಯವರು ತನ್ನ ಮಗುವನ್ನು ಎತ್ತಿಕೊಂಡ ರೀತಿ ಸರಿಯಾಗದಿದ್ದಾಗ ತಾಯಿಗೆ ಆಗುತ್ತದಲ್ಲ, ಆ ಥರದ್ದು. "ತಲೆ ಅಷ್ಟು ಮುಂದೆ ಚಾಚಬೇಡಿ. ಆಮೆ ಹಾಗೆ ಕಾಣ್ತೀರಿ" ಎನ್ನುತ್ತಿದ್ದಳು. ಚಾಚದಿದ್ದರೆ ಕಣ್ಣು ನಳಿಕೆಯ ನೇರಕ್ಕೆ ಬರುತ್ತಿರಲಿಲ್ಲ. ಆದ್ದರಿಂದ ನಾನು ಆಮೆಯಾಗಿಯೇ ಇದ್ದೆ.

ಹೋದ ವರ್ಷ ನನ್ನ ಬಲ ಹೆಗಲು ಹಿಡಿದುಕೊಂಡಿತು. ಕತ್ತರಿ ಆಡಿಸಬಹುದು, ಮೆಷಿನ್ ತುಳಿಯಬಹುದು, ಆದರೆ ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿದರೆ ಕಣ್ಣಲ್ಲಿ ನೀರು. ಡಾಕ್ಟರು, "ಎರಡು ಕೆಜಿಗಿಂತ ಹೆಚ್ಚು ಎತ್ತಬೇಡಿ" ಎಂದರು. ಅದೇ ಹೊತ್ತಿಗೆ ಲೈಸೆನ್ಸಿನ ನವೀಕರಣವೂ ಹತ್ತಿರ ಬಂದಿತ್ತು. ಎತ್ತಲಾಗದವನ ಹೆಸರಲ್ಲಿ ಕೋವಿ ಯಾಕೆ ಎಂದು ಯಾರಾದರೂ ಕೇಳುವ ದಿನ ದೂರವಿರಲಿಲ್ಲ. ನಾನು ಎರಡು ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದೆ. ಈ ಭಾರದ ಕೋವಿಯನ್ನು ಕೋವಿ ಅಂಗಡಿಯವರಿಗೆ ಒಪ್ಪಿಸಿ ಅದೇ ಲೈಸೆನ್ಸಿನ ಮೇಲೆ ಒಂದು ಹಗುರದ ಜೋಡು ನಳಿಕೆ ತೆಗೆದುಕೊಳ್ಳುವುದು. ಅನುಮತಿಗೆ ಅರ್ಜಿ ಬರೆದೆ. ಮೂರು ದಿನ ಹಿಡಿಯಿತು. ಬರೆದ ಅರ್ಜಿಯನ್ನು ಶಾರದಳಿಗೆ ತೋರಿಸುವ ಧೈರ್ಯ ಮಾತ್ರ ಮೂರು ವಾರವಾದರೂ ಬರಲಿಲ್ಲ. ಅಪ್ಪನಿಂದ ಅವಳಿಗೆ ಉಳಿದಿದ್ದ ವಸ್ತು ಆ ಕೋವಿ ಒಂದೇ. ಅರ್ಜಿಯನ್ನು ಮಡಚಿ ಕೋವಿಯ ಚೀಲದ ಒಳಜೇಬಿನಲ್ಲಿಟ್ಟೆ.

ಚೀಲದ ವಿಷಯ ಬಂದದ್ದರಿಂದ ಸ್ವಲ್ಪ ನನ್ನ ಹೊಗಳಿಕೆ ಸಹಿಸಿಕೊಳ್ಳಿ. ಕೊಪ್ಪ ಸುತ್ತಮುತ್ತ ಕೋವಿಯ ಚೀಲ ಹೊಲಿಯುವವನು ನಾನೊಬ್ಬನೇ. ಹಸಿರು ಕ್ಯಾನ್ವಾಸ್, ಒಳಗೆ ಫ್ಲಾನಲ್ ಅಸ್ತರು, ಜಿಪ್ಪು, ಲೈಸೆನ್ಸ್ ಪುಸ್ತಕಕ್ಕೆ ಒಳಜೇಬು. ಒಂದಕ್ಕೂ ಇನ್ನೊಂದಕ್ಕೂ ದಾರದಷ್ಟೂ ವ್ಯತ್ಯಾಸ ಇರಬಾರದು ಎನ್ನುವುದು ನನ್ನ ವ್ರತ. "ನಿಮ್ಮ ಚೀಲ ಅವಳಿ ಮಕ್ಕಳ ಹಾಗೆ ಟೈಲರ್ರೆ" ಎಂದು ಗಿರಾಕಿಗಳು ಹೇಳಿದರೆ ಆ ದಿನ ನನಗೆ ಮಧ್ಯಾಹ್ನದ ಊಟ ಬೇಡ.

ಅಷ್ಟರಲ್ಲಿ ಚುನಾವಣೆ ಬಂತು. ಚುನಾವಣೆ ಎಂದರೆ ಬೇರೆ ಕಡೆ ಭಾಷಣ, ಬಾವುಟ. ನಮ್ಮ ಕಡೆ ಅದರ ಜತೆಗೆ ಕೋವಿಗಳ ಮೆರವಣಿಗೆಯೂ ಇದೆ. ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಚೀಟಿ ಪಡೆಯಬೇಕು. ಫಲಿತಾಂಶ ಬಂದ ಮೇಲೆ ವಾಪಸು. ಅಲ್ಲಿಯವರೆಗೆ ಮಂಗಗಳಿಗೆ ನೀತಿ ಸಂಹಿತೆ ಇಲ್ಲ. ಒಪ್ಪಿಸಲು ಹೋಗುವ ದಾರಿಯಲ್ಲಿ ನಾನು ನನ್ನ ಅಂಗಡಿ ಎದುರಿನ ಅಡಿಕೆ ಮಂಡಿಗೆ ಹೊಕ್ಕು, ಚೀಲದ ಸಮೇತ ಕೋವಿಯನ್ನು ಅವರ ತಕ್ಕಡಿಯ ಮೇಲಿಟ್ಟೆ. ಚೀಲದ ತೂಕ ನನಗೆ ಬಾಯಿಪಾಠ. ಅದನ್ನು ಕಳೆದರೆ ಮೂರು ಕೆಜಿ ಮುನ್ನೂರೆಂಬತ್ತು ಗ್ರಾಂ. ಮಂಡಿಯ ಯಜಮಾನರು ಕನ್ನಡಕ ಏರಿಸಿ ನೋಡಿ, "ಇದು ಸರಿಯಾಗಿ ಒಣಗಿಲ್ಲ ಟೈಲರ್ರೆ. ತೇವಕ್ಕೆ ಅಂತ ಸ್ವಲ್ಪ ಕಳೀಬೇಕಾಗ್ತದೆ" ಎಂದರು. ಕಳೆಯುವ ಹಾಗಿದ್ದರೆ ನಾನೇ ಯಾವತ್ತೋ ಕಳೆಯುತ್ತಿದ್ದೆ.

ಕೋವಿ ಠಾಣೆಯಲ್ಲಿ ಕೂತಿದ್ದ ದಿನಗಳಲ್ಲಿ ನಾನು ನರಸಿಂಹರಾಜಪುರಕ್ಕೆ ಒಂದು ಮದುವೆಯ ಬಟ್ಟೆ ಕೊಡಲು ಹೋದವನು ಇಸ್ಮಾಯಿಲ್ ಸಾಬರ ಮನೆಗೂ ಹೋದೆ. ಅವರು ಲೈಸೆನ್ಸ್ ಇರುವ ಕೋವಿ ರಿಪೇರಿಯವರು, ಎಪ್ಪತ್ತೈದರ ಮೇಲಿನವರು. ಅವರ ಕೈ ಹಾಯದ ಹಳೆ ಕೋವಿ ನಮ್ಮ ಮೂರು ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ. ನಾನು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದೆ.

"ಸಾಬ್ರೆ, ಜೋಡು ನಳಿಕೆ ಕೋವಿ ಅಂದ್ರೆ ಎಷ್ಟು ಹಗುರ ಮಾಡ್ಬಹುದು?"

"ಎಷ್ಟು ಹಗುರ ಬೇಕು ನಿಮ್ಗೆ?"

"ಎರಡು ಕೆಜಿ. ಡಾಕ್ಟರು ಬರೆದು ಕೊಟ್ಟಿದಾರೆ."

ಸಾಬರು ಒಳಗೆ ತಿರುಗಿ, "ಟೈಲರ್ರಿಗೆ ಚಾ ಕೊಡಿ, ಸಕ್ಕರೆ ಜಾಸ್ತಿ ಹಾಕಿ" ಎಂದರು. ದುಃಖದ ಸುದ್ದಿ ಹೇಳುವ ಮೊದಲು ಮಾಡುವ ಉಪಚಾರ ಅದು ಎಂದು ಆಮೇಲೆ ಗೊತ್ತಾಯಿತು.

"ಎರಡು ಕೆಜಿಗೆ ಮಾಡ್ಲಿಕ್ಕೆ ಯಾರೂ ಬೇಡ ಅನ್ನಲ್ಲ. ಆದ್ರೆ ಹೊಡೆಯೋದು ಯಾರು? ತೋಟೆಯೊಳಗೆ ಚರೆ, ಸೀಸದ ಕಾಳು, ಎಷ್ಟು ಇರ್ತದೆ, ಮೂವತ್ತು ಗ್ರಾಂ ಚಿಲ್ಲರೆ. ನನ್ನ ತಂದೆ ಹೇಳ್ತಿದ್ರು, ಚರೆಯ ತೂಕದ ನೂರು ಪಟ್ಟು ಕೋವಿ ತೂಗಬೇಕು ಅಂತ. ಮೂರು ಕೆಜಿ ಆಯ್ತಲ್ಲ? ಅದರಿಂದ ಕಾಲು ಕೆಜಿ ಕೆಳಗಿಳಿದ್ರೆ ಕೋವಿ ಹಿಂದಕ್ಕೆ ಒದ್ದು ಹೆಗಲು ಮಾತಾಡ್ತದೆ. ಅರ್ಧ ಕೆಜಿ ಇಳಿದ್ರೆ ಹಲ್ಲು ಮಾತಾಡ್ತದೆ. ಎರಡು ಕೆಜಿಗೆ ಇಳಿಸಿದ್ರೆ ಮಂಗ ಅಲ್ಲೇ ಇರ್ತದೆ, ನೀವು ಹೋಗಿ ಬಾಳೆ ಬುಡದಲ್ಲಿ ಬಿದ್ದಿರ್ತೀರಿ."

"ಚರೆ ಕಡಿಮೆ ಇರೋ ಸಣ್ಣ ನಳಿಕೆ?"

"ಸಣ್ಣ ನಳಿಕೆದು ಎರಡೂವರೆಗೂ ಸಿಗ್ತದೆ. ಚರೆ ಕಡಿಮೆ, ಒದೆತಾನೂ ಕಡಿಮೆ. ಆದ್ರೆ ಅದರ ತೋಟೆ ಹುಡುಕ್ಕೊಂಡು ಊರೂರು ತಿರುಗಬೇಕು. ಇನ್ನು ನಿಮ್ಮ ದೊಡ್ಡ ನಳಿಕೆಯನ್ನೇ ತೆಳ್ಳಗೆ ಅರೆದ್ರೆ, ಕಬ್ಬಿಣ ಅಲ್ವಾ, ಒಂದು ದಿನ ಗುಲಾಬಿ ಹೂ ಅರಳಿದ ಹಾಗೆ ಅರಳ್ತದೆ. ನಿಮ್ಮ ಮುಖದ ಹತ್ರ." ಸಾಬರು ಚಾ ಬಸಿಗೆ ಹುಯ್ದುಕೊಂಡರು. "ಮತ್ತೆ ಮುಂದುಗಡೆ ತೀರಾ ಹಗುರ ಆದ್ರೆ ನಳಿಕೆ ಗುರಿ ಮೇಲೆ ನಿಲ್ಲಲ್ಲ. ಗಾಳಿಪಟದ ಹಾಗೆ ಆಡ್ತದೆ. ತಕ್ಕಡಿ ತೂಕ ಬೇರೆ, ಕೈ ತೂಕ ಬೇರೆ ಟೈಲರ್ರೆ. ನಿಮ್ಗೆ ನಾನು ಹೇಳ್ಬೇಕಾ? ಕೋಟು ಹೊಲೀತೀರಲ್ಲ?"

ನಿಜ. ಹೆಗಲು ಸರಿಯಾಗಿ ಕೂತ ಉಣ್ಣೆ ಕೋಟು ಹತ್ತಿ ಶರ್ಟಿನ ಹಾಗೆ ಇರುತ್ತದೆ. ಹೆಗಲು ತಪ್ಪಿದ ಹತ್ತಿ ಶರ್ಟು ಗೋಣಿಚೀಲದ ಹಾಗೆ ಎಳೆಯುತ್ತದೆ. ಇದನ್ನು ನಾನು ಸಾವಿರ ಗಿರಾಕಿಗಳಿಗೆ ಹೇಳಿದ್ದೇನೆ. ಸಾಬರು ನನ್ನ ಕೊರಳಲ್ಲಿದ್ದ ಅಳತೆ ಟೇಪನ್ನು ಎಳೆದುಕೊಂಡು, ನನ್ನ ಮೊಣಕೈ ಮಡಚಿಸಿ, ಮಡಿಕೆಯಿಂದ ತೋರುಬೆರಳಿನವರೆಗೆ ಹಿಡಿದರು. "ಹದಿಮೂರು ಇಂಚು. ನಿಮ್ಮ ಕೋವಿಯಲ್ಲಿ ಟ್ರಿಗರ್ರಿಂದ ಹೆಗಲಿಗೆ ಒತ್ತೋ ಮರದ ಕೊನೆವರೆಗೆ ಎಷ್ಟು?" ಎಂದರು. ಗೊತ್ತಿಲ್ಲ ಎಂದೆ. "ಇಪ್ಪತ್ತು ವರ್ಷದಿಂದ ಇದೆ, ಅಳತೆ ತೆಗೆದಿಲ್ಲ! ನೀವು ಎಂಥ ಟೈಲರ್ ಮಾರಾಯ್ರೆ?" ಎಂದು ಸಾಬರು ನಕ್ಕರು. "ಕೋವಿ ಬಿಡಿಸ್ಕೊಂಡ ಮೇಲೆ ಅಳೆದು ನೋಡಿ. ಆಮೇಲೆ ಭಾರದ ಮಾತು."

ಫಲಿತಾಂಶ ಬಂದು ವಾರದ ಮೇಲೆ ಕೋವಿ ಬಿಡಿಸಿಕೊಳ್ಳಲು ಠಾಣೆಗೆ ಹೋದೆ. ಠಾಣೆಯ ದಾಖಲೆ ಬರೆಯುವ ರೈಟರ್ ನನಗೆ ಪರಿಚಯದವರು. ಅವರ ಯೂನಿಫಾರ್ಮಿನ ಹೊಟ್ಟೆಯನ್ನು ನಾನು ನಾಲ್ಕು ಸಲ ಬಿಚ್ಚಿ ಅಗಲ ಮಾಡಿದ್ದೇನೆ. ಅವರು ಚೀಟಿ ನೋಡಿ, ಕೋವಿಯ ನಂಬರನ್ನು ಪುಸ್ತಕದ ಜತೆ ತಾಳೆ ನೋಡಿ, ಸಹಿ ಹಾಕಿಸಿಕೊಂಡು ನನ್ನದನ್ನು ನನಗೆ ಸರಿಯಾಗಿ ಕೊಟ್ಟರು. ಮುಂದೆ ಆದದ್ದಕ್ಕೆಲ್ಲ ಠಾಣೆಯ ಹೊರಗಿನ ಕಟ್ಟೆಯಲ್ಲಿ ಕೂತ ಇಬ್ಬರು ಮುದಿಯರೇ ಕಾರಣ. ಒಬ್ಬ ನಾನು. ಇನ್ನೊಬ್ಬರು ನಮ್ಮ ನಾರ್ವೆಯ ಜಾಗದ ಪಕ್ಕದವರು, ತಿಮ್ಮಪ್ಪಣ್ಣ. ನಮ್ಮ ಮಂಗಗಳು ಹೋಗುವುದು ಇವರ ತೋಟಕ್ಕೆ, ಇವರವು ಬರುವುದು ನಮ್ಮಲ್ಲಿಗೆ. ಅವರೂ ಆಗಷ್ಟೇ ಕೋವಿ ಬಿಡಿಸಿಕೊಂಡು ಜೀಪಿಗೆ ಕಾಯುತ್ತಿದ್ದರು. ನನ್ನ ಹೆಗಲಿನ ಕಥೆ ಕೇಳಿ, "ನಿಮ್ದು ಕೋವಿ ಅಲ್ಲ ಮಾರಾಯ, ತೊಲೆ. ನಂದು ಹಿಡ್ದು ನೋಡಿ. ಎರಡು ಮುಕ್ಕಾಲು ಕೆಜಿ. ಹೂವು ಹೂವು!" ಎಂದು ಚೀಲದಿಂದ ತೆಗೆದು ಕೊಟ್ಟರು. ನಾನು ನನ್ನದನ್ನು ತೆಗೆದು ಅವರ ಕೈಗಿಟ್ಟೆ. ಖಾಲಿ ಕೋವಿಗಳು, ನಳಿಕೆ ನೆಲಕ್ಕೆ. ಇಬ್ಬರೂ ಮಗು ತೂಗುವ ಹಾಗೆ ತೂಗುತ್ತ ಚರ್ಚೆ ಶುರು ಮಾಡಿದೆವು.

"ಹಗುರ ಆದ್ರೆ ಒದೆಯಲ್ವಾ ತಿಮ್ಮಪ್ಪಣ್ಣ?"

"ಒದೀತದೆ. ಎರಡು ಈಡು ಹಾರ್ಸಿದ್ರೆ ಆವತ್ತು ರಾತ್ರಿ ಎಡಗೈಲಿ ಊಟ. ಅದೇನು ದೊಡ್ಡದಲ್ಲ. ಹೆಂಡತಿ ಬಡಿಸ್ತಾಳೆ, ನಾವು ಯಾವ ಕೈಯಲ್ಲಿ ತಿಂದ್ರೆ ಏನು?"

ಅಷ್ಟರಲ್ಲಿ ಜೀಪಿನವನು ಹಾರನ್ ಹೊಡೆದ. ನಮ್ಮ ಕಡೆಯ ಜೀಪು ಹೊರಡುವವರೆಗೆ ಗಂಟೆಗಟ್ಟಲೆ ನಿಂತಿರುತ್ತದೆ, ಹೊರಟಿತೆಂದರೆ ಒಂದು ನಿಮಿಷವೂ ನಿಲ್ಲುವುದಿಲ್ಲ. ತಿಮ್ಮಪ್ಪಣ್ಣ ಕೈಯಲ್ಲಿದ್ದದ್ದನ್ನು ಚೀಲಕ್ಕೆ ತುರುಕಿ ಓಡಿದರು. ನಾನೂ ಕೈಯಲ್ಲಿದ್ದದ್ದನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಎರಡೂ ಹಸಿರು ಕ್ಯಾನ್ವಾಸ್, ದಾರದಷ್ಟೂ ವ್ಯತ್ಯಾಸವಿಲ್ಲ.

ಮನೆಗೆ ನಡೆಯುತ್ತ ಬರುವಾಗಲೇ ನನಗೆ ಒಂದು ಉಲ್ಲಾಸ. ಚೀಲ ಹೆಗಲಿಗೆ ಕೂತದ್ದೇ ಗೊತ್ತಾಗುತ್ತಿಲ್ಲ. ಡಾಕ್ಟರು ಹೇಳಿದ್ದ ವ್ಯಾಯಾಮವನ್ನು ನಾನು ಒಂದೂವರೆ ತಿಂಗಳಿಂದ ಮಾಡುತ್ತಿದ್ದೆ. ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ಹತ್ತಿಸುವುದು. ಫಲ ಕೊಟ್ಟೇ ಕೊಟ್ಟಿತು ಎಂದುಕೊಂಡೆ. ಮನೆಗೆ ಬಂದವನೇ ಶಾರದಳನ್ನು ಕರೆದು, ಕೋವಿ ತೆಗೆದು, ಹೆಗಲಿಗೆ ಕೊಟ್ಟು ತೋರಿಸಿದೆ. "ನೋಡು! ಡಾಕ್ಟರ ವ್ಯಾಯಾಮ. ಅರ್ಧ ಕೆಜಿ ಇಳಿದ ಹಾಗಿದೆ."

ಅವಳು ಸೌಟು ಕೆಳಗಿಟ್ಟು ಬಂದಳು. ಕೈ ಒರೆಸಿಕೊಂಡು ಕೋವಿ ತೆಗೆದುಕೊಂಡಳು. ನಳಿಕೆ ಬಗ್ಗಿಸಿ ತೆರೆದು ಖಾಲಿ ಇದೆಯೇ ನೋಡಿದಳು, ಮುಚ್ಚಿದಳು. ಮರದ ಮೇಲೆ ಕೆನ್ನೆ ಇಡುವ ಜಾಗವನ್ನು ಹೆಬ್ಬೆರಳಲ್ಲಿ ಒಂದು ಸಲ ಸವರಿದಳು. ಅಷ್ಟೇ.

"ಇದು ಅಪ್ಪಯ್ಯನ ಕೋವಿ ಅಲ್ಲ."

"ಅಲ್ಲ ಅಂದ್ರೆ? ನಾನೇ ಸಹಿ ಹಾಕಿ ತಂದಿದ್ದು. ವ್ಯಾಯಾಮ ಮಾಡಿದ್ಕೆ ಹಾಗೆ ಅನ್ನಿಸ್ತದೆ ಮಾರಾಯ್ತಿ."

"ವ್ಯಾಯಾಮ ಮಾಡಿದ್ದು ನೀವು. ನನ್ನ ಕೈಗೂ ಹಗುರ ಆಗಿದ್ದು ಹೇಗೆ?"

ಇಷ್ಟು ಹೇಳಿ ಕೋವಿಯನ್ನು ನನ್ನ ಕಣ್ಣಿನ ಹತ್ತಿರ ಹಿಡಿದಳು. "ಅಪ್ಪಯ್ಯನ ಕೋವಿ ಮರದಲ್ಲಿ ಇಲ್ಲೊಂದು ಗುಳಿ ಇದೆ. ಅವರ ಗಡ್ಡ ಉಜ್ಜಿ ಉಜ್ಜಿ ಆಗಿದ್ದು. ಇದ್ರಲ್ಲಿ ಎಲ್ಲಿ?" ಎಂದಳು. ನಂಬರ್ ನೋಡೋಣ ಎಂದು ಲೈಸೆನ್ಸ್ ಪುಸ್ತಕಕ್ಕಾಗಿ ಚೀಲದ ಒಳಜೇಬಿಗೆ ಕೈ ಹಾಕಿದಳು. ಪುಸ್ತಕ ನನ್ನ ಶರ್ಟಿನ ಜೇಬಿನಲ್ಲಿತ್ತು. ಚೀಲದ ಜೇಬಿನಲ್ಲಿ ಇದ್ದದ್ದು ಅರ್ಜಿ.

ನನಗೆ ನೆನಪಾಗಿ ಬಾಯಿ ತೆರೆಯುವಷ್ಟರಲ್ಲಿ ಅವಳು ಮಡಿಕೆ ಬಿಚ್ಚಿದ್ದಳು. ನಿಂತೇ ಓದಿದಳು. 'ಸದರಿ ಕೋವಿಯು ಅತಿ ಭಾರವಾಗಿದ್ದು, ಅದನ್ನು ಒಪ್ಪಿಸಿ ಹಗುರವಾದ ಬೇರೊಂದನ್ನು ಹೊಂದಲು ಅಪ್ಪಣೆಯಾಗಬೇಕೆಂದು' ಎಂಬ ಸಾಲಿನ ಹತ್ತಿರ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಬೈಯುತ್ತಾಳೆ ಎಂದು ಕಾದೆ. ಬೈದರೆ ಬದುಕಿದೆ ಎಂದುಕೊಂಡೆ. ಅವಳು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟು, "ಅಕ್ಷರ ದುಂಡಗೆ ಬಂದಿದೆ" ಎಂದಳು. ಮತ್ತೆ ಸಾರು ಕುದಿಯುತ್ತಿದೆಯೇನೋ ಎಂಬ ಹಾಗೆ ಒಳಗೆ ಹೋದಳು. ಸಾರು ಆಗಲೇ ಇಳಿಸಿಯಾಗಿತ್ತು.

ನಾನು ಜೀವನದಲ್ಲಿ ಬಹಳ ಭಾರ ಎತ್ತಿದ್ದೇನೆ, ಬಟ್ಟೆಯ ಥಾನು, ಅಕ್ಕಿಮೂಟೆ, ಇಬ್ಬರು ಹೆಣ್ಣುಮಕ್ಕಳ ಟ್ರಂಕು. ಆ ಹಾಳೆಯಷ್ಟು ಭಾರದ್ದನ್ನು ಎತ್ತಿದ ನೆನಪಿಲ್ಲ.

ಆದರೆ ದುಃಖಪಡಲು ಪುರುಸೊತ್ತಿರಲಿಲ್ಲ. ಬೇರೆಯವರ ಕೋವಿ ನಮ್ಮ ಮನೆಯಲ್ಲಿದೆ, ನಮ್ಮದು ನಾರ್ವೆಯ ಜೀಪಿನಲ್ಲಿದೆ. ಕಾನೂನಿನ ಪ್ರಕಾರ ಇದು ತಮಾಷೆಯಲ್ಲ. ಫೋನ್ ಮಾಡಲು ಹೊರಟರೆ ತಿಮ್ಮಪ್ಪಣ್ಣನ ಫೋನೇ ಬಂತು. "ಟೈಲರ್ರೆ, ನನ್ನ ಕೋವಿ ಠಾಣೆಯಲ್ಲಿ ಕೂತು ಕೂತು ದಪ್ಪ ಆಗಿದೆ ಮಾರಾಯ. ಎಂತ ಹಾಕಿದ್ರೋ ಅದ್ಕೆ ತಿನ್ಲಿಕ್ಕೆ!" ನಾನು ವಿಷಯ ಹೇಳಿದೆ. "ಹಾಗಾದ್ರೆ ಜೀಪು ಇಳಿದು ತಿರುಗಿ ಬರ್ತೇನೆ. ನೀವು ಮೊದ್ಲು ಹೋಗಿ ರೈಟರ್ರ ಹತ್ರ ಬೈಸಿಕೊಳ್ಳಿ. ಉಳಿದದ್ದು ನಾನು ಬಂದು ಬೈಸಿಕೊಳ್ತೇನೆ" ಎಂದರು.

ಶಾರದ ಸೀರೆ ಬದಲಾಯಿಸಿ ನಿಂತಿದ್ದಳು. "ನೀನು ಯಾಕೆ?" ಎಂದೆ. "ನೀವು ಮೂರನೇದು ತಂದುಬಿಟ್ರೆ?" ಎಂದಳು.

ತಿಮ್ಮಪ್ಪಣ್ಣನೂ ಬಂದು ಸೇರಿದ ಮೇಲೆ ರೈಟರ್ ಎರಡು ಕೋವಿಗಳನ್ನೂ ಮೇಜಿನ ಮೇಲಿಡಿಸಿಕೊಂಡು ನಮ್ಮಿಬ್ಬರಿಗೆ ಬೈದ ರೀತಿಯನ್ನು ಇಲ್ಲಿ ಬರೆಯಲಾರೆ. ಅವರ ಹೊಟ್ಟೆಯ ರಹಸ್ಯ ಕಾಪಾಡಿದವನು ಎಂಬ ದಾಕ್ಷಿಣ್ಯವೂ ಇರಲಿಲ್ಲ. ಕೊನೆಗೆ ಅವರು ಕೋವಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ, "ಇರ್ಲಿ. ಈಗ ನಿಮ್ದು ಯಾವ್ದು ಹೇಳಿ ನೋಡುವಾ" ಎಂದರು. ನಾನು ನಂಬರ್ ನೋಡಲು ಬಗ್ಗಿದೆ. "ನಂಬರ್ ನೋಡ್ದೆ ಹೇಳಿ!" ನಾನು ಎರಡನ್ನೂ ತಿರುಗಿ ತಿರುಗಿ ನೋಡಿದೆ. ಶಾರದ ಹಿಂದಿನಿಂದ ಬಂದು, ಮುಟ್ಟದೆ, ಬಲಗಡೆಯದರ ಕಡೆ ಬೆರಳು ತೋರಿಸಿದಳು.

"ನಿಮ್ಗೆ ಹೇಗೆ ಗೊತ್ತಾಯ್ತಮ್ಮ?"

"ನಮ್ಮ ಅಪ್ಪಯ್ಯಂದು."

ರೈಟರ್ ನನ್ನನ್ನೂ ಅವಳನ್ನೂ ನೋಡಿದರು. "ಇಪ್ಪತ್ತು ವರ್ಷ ಲೈಸೆನ್ಸ್ ಇಟ್ಕೊಂಡವ್ರಿಗೆ ಗೊತ್ತಾಗ್ಲಿಲ್ಲ. ಅಲ್ಲ ಟೈಲರ್ರೆ, ಇದು ಇವರ ಹೆಸರಲ್ಲೇ ಇರ್ಬೇಕಿತ್ತಲ್ವಾ?" ಎಂದರು. ಅವರು ಅದನ್ನು ಬೈಗುಳದ ಕೊನೆಯ ತುಂಡಾಗಿ ಹೇಳಿದ್ದು. ಆದರೆ ಶಾರದ, "ಯಾರೂ ಕೇಳ್ಲಿಲ್ಲ" ಎಂದಳು. ಜೋರಾಗಿ ಅಲ್ಲ. ಅಂಗಡಿಯಲ್ಲಿ ಬಟನ್ ಇದೆಯಾ ಎಂದು ಕೇಳಿದರೆ ಇಲ್ಲ ಎನ್ನುವ ಹಾಗೆ.

ಜಗಲಿಯಲ್ಲಿ ಹಿರಿಯರ ಎದುರು ವಿನಯದಿಂದ ತಲೆ ಬಗ್ಗಿಸಿದ್ದು ನನಗೆ ಆಗ ನೆನಪಾಯಿತು. ಕೊಂಚ ತಲೆ ಎತ್ತಿ ಅಡುಗೆಮನೆಯ ಕಡೆ ನೋಡಿದ್ದರೆ ಸಾಕಿತ್ತು. ಪಾಯಸದ ಪಾತ್ರೆ ಹಿಡಿದು ಅವಳು ಬಾಗಿಲಲ್ಲೇ ನಿಂತಿದ್ದಳೇನೋ.

ಮನೆಗೆ ಬಂದ ಮೇಲೆ ಕೊರಳಿನ ಟೇಪು ತೆಗೆದು ಕೋವಿ ಅಳೆದೆ. ಟ್ರಿಗರಿನಿಂದ ಮರದ ಕೊನೆಗೆ ಹದಿನಾಲ್ಕೂವರೆ ಇಂಚು. ಆರಡಿ ಎರಡಿಂಚಿನ ಮನುಷ್ಯನಿಗೆ ಮಾಡಿದ್ದು. ನಾನು ಐದಡಿ ಮೂರಿಂಚು. ಬೇರೆಯವರ ಶರ್ಟಿನ ತೋಳು ಒಂದೂವರೆ ಇಂಚು ಉದ್ದವಿದ್ದರೆ ಬೀದಿಯ ಆಚೆಯಿಂದಲೇ ಕಂಡುಹಿಡಿಯುವ ನಾನು, ಇಪ್ಪತ್ತು ವರ್ಷ ಮಾವನವರ ಅಳತೆಯ ಕೋವಿ ತೊಟ್ಟುಕೊಂಡು, ಆಮೆಯ ಹಾಗೆ ಕತ್ತು ಚಾಚಿ, ಭಾರ ಭಾರ ಎಂದು ಗೊಣಗುತ್ತಿದ್ದೆ. ಭಾರ ಕೋವಿಯದ್ದಲ್ಲ, ಆ ಒಂದೂವರೆ ಇಂಚಿನದ್ದು. ಕೈ ದೂರಕ್ಕೆ ಚಾಚಿ ಹಿಡಿದರೆ ತೆಂಗಿನಕಾಯಿಯೂ ಬಂಡೆಯೇ.

"ಮರ ಒಂದೂವರೆ ಇಂಚು ಕೊಯ್ಸಿದ್ರೆ ಸರಿ ಹೋಗ್ತದೆ ಅಂತಾರೇನೋ ಸಾಬ್ರು" ಎಂದೆ. ಶಾರದ ಆ ಗುಳಿಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಇದ್ದಳು. ನನಗೆ ಆಗ ಇನ್ನೊಂದು ಸಂಗತಿ ಹೊಳೆಯಿತು. ಶಾರದ ನನಗಿಂತ ನಾಲ್ಕಿಂಚು ಎತ್ತರ, ಮೆಣಸೆಯವರ ಕೈ ಬೇರೆ ಉದ್ದ. ಅವಳ ರವಿಕೆಯ ತೋಳಿಗೆ ಯಾವತ್ತೂ ಬಟ್ಟೆ ಹೆಚ್ಚು ಬೇಕು ಎಂದು ಮದುವೆಯಾದಾಗಿನಿಂದ ತಮಾಷೆ ಮಾಡುತ್ತ ಬಂದವನು ನಾನೇ. "ಕೈ ಮಡಚು" ಎಂದೆ. "ಎಂತಕ್ಕೆ?" "ಮಡಚು ಮಾರಾಯ್ತಿ." ಮಡಿಕೆಯಿಂದ ತೋರುಬೆರಳಿನವರೆಗೆ ಟೇಪು ಹಿಡಿದೆ. ಎರಡು ಸಲ ಹಿಡಿದೆ.

ಹದಿನಾಲ್ಕೂವರೆ.

ಅವಳು ಕೋವಿಯನ್ನು ಹೆಗಲಿಗೆ ತಂದಳು. ತಂದಳು ಎನ್ನುವುದಕ್ಕಿಂತ ಅದೇ ಬಂತು ಎನ್ನಬೇಕು. ಕತ್ತು ಚಾಚಲಿಲ್ಲ, ಹೆಗಲು ಏರಲಿಲ್ಲ, ಕೆನ್ನೆ ಹೋಗಿ ಅವಳ ಅಪ್ಪನ ಗುಳಿಯಲ್ಲಿ ಕೂತಿತು. ನಾನು ಟೈಲರ್. ಫಿಟ್ಟಿಂಗ್ ಸರಿಯಾದಾಗ ಗಿರಾಕಿಯ ಮುಖದಲ್ಲಿ ಬರುವ ಕಳೆ ನನಗೆ ಗೊತ್ತು. ಆಗ ಟೈಲರ್ ಮಾಡಬೇಕಾದದ್ದು ಒಂದೇ, ಟೇಪು ಸುತ್ತಿ ಸುಮ್ಮನೆ ನಿಲ್ಲುವುದು.

ಅದೇ ಅರ್ಜಿಯ ಹಿಂಬದಿಯಲ್ಲಿ ಹೊಸ ಅರ್ಜಿಯ ಕರಡು ಬರೆದೆ. ಲೈಸೆನ್ಸನ್ನು ಹೆಂಡತಿಯ ಹೆಸರಿಗೆ ಮಾಡಿಕೊಡುವ ಬಗ್ಗೆ. ಈ ಸಲ ಮೂರು ದಿನ ಬೇಕಾಗಲಿಲ್ಲ, ಅರ್ಧ ಗಂಟೆ ಸಾಕಾಯಿತು. ಓಡಾಟ, ವಿಚಾರಣೆ, ತರಬೇತಿ ಎಲ್ಲ ಸೇರಿ ಎಂಟು ತಿಂಗಳು ಹಿಡಿಯಿತು ಎನ್ನುವುದು ಬೇರೆ ಮಾತು. ತರಬೇತಿಯಲ್ಲಿ ಅವಳು ಹಾರಿಸಿದ ಈಡು ಗುರಿಯ ಹಲಗೆಗೇ ತಾಗಿತು ಎಂದು ಕೇಳಿ ನನಗೆ ಹೆಮ್ಮೆಯೂ ಸ್ವಲ್ಪ ಗಾಬರಿಯೂ ಆಯಿತು. ನಾನು ಅವಳಿಗೆ ಹೊಸ ಚೀಲ ಹೊಲಿದುಕೊಟ್ಟೆ. ನನ್ನ ವ್ರತ ಮುರಿದು, ಮೇಲೆ ಕೆಂಪು ದಾರದಲ್ಲಿ ದೊಡ್ಡದಾಗಿ 'ಶಾರದ' ಎಂದು ಕಸೂತಿ ಹಾಕಿದೆ. ಈಗ ತಿಮ್ಮಪ್ಪಣ್ಣನೂ ಹೆಸರು ಹಾಕಿಸಿಕೊಂಡಿದ್ದಾರೆ. ಅವರಿಗೆ ತಮ್ಮ ಹೂವಿನಂಥ ಕೋವಿಯ ಮೇಲೆ ಮೊದಲಿನ ಪ್ರೀತಿ ಇಲ್ಲ. "ಆವತ್ತು ನಿಮ್ಮ ತೊಲೆ ಹಿಡಿದಾಗ ಒಂದು ಧೈರ್ಯ ಬಂದಿತ್ತು ಮಾರಾಯ" ಎನ್ನುತ್ತಾರೆ.

ಜೋಡು ನಳಿಕೆಯ ಕೋವಿ ಎಷ್ಟು ಹಗುರ ಇರಬಹುದು ಎಂದು ಈಗ ಯಾರಾದರೂ ಕೇಳಿದರೆ ನಾನು ಸಾಬರ ನೂರು ಪಟ್ಟಿನ ಲೆಕ್ಕ ಹೇಳುತ್ತೇನೆ. ಅದು ಸರಿಯಾದ ಲೆಕ್ಕ. ಅದರ ಮೇಲೆ ನನ್ನದೊಂದು ಮಾತು ಸೇರಿಸುತ್ತೇನೆ: ಮೊದಲು ಅಳತೆ ತೆಗೆಯಿರಿ, ಕೋವಿಯದ್ದಲ್ಲ, ಮನೆಯವರೆಲ್ಲರದ್ದು.

ಭಾನುವಾರ ನಾವಿಬ್ಬರೂ ನಾರ್ವೆಗೆ ಹೋಗುತ್ತೇವೆ. ಮುಂದೆ ಶಾರದ, ಹೆಗಲಲ್ಲಿ ಕೋವಿ. ಹಿಂದೆ ನಾನು. ನನ್ನ ಕೈಯಲ್ಲಿ ಊಟದ ಕ್ಯಾರಿಯರ್, ನೀರಿನ ಬಾಟಲಿ ಎರಡು, ಕೊಡೆ, ಕತ್ತಿ, ಅವಳ ಚಪ್ಪಲಿ ಕಿತ್ತರೆ ಬೇಕೆಂದು ಇನ್ನೊಂದು ಜೊತೆ. ಹೋದ ವಾರ ಮಂಡಿಯ ಯಜಮಾನರು ಕರೆದು ಇದನ್ನೆಲ್ಲ ತಕ್ಕಡಿಯ ಮೇಲೆ ಇಡಿಸಿದರು. ಐದು ಕೆಜಿ ಇನ್ನೂರು ಗ್ರಾಂ. ತೇವ ಕಳೆಯಲಿಲ್ಲ. ಡಾಕ್ಟರಿಗೆ ನಾನಿನ್ನೂ ಹೇಳಿಲ್ಲ.